ನಿನ್ನೆಯ ಬಂಗಡೆ ಸಾರು

ಕಾರವಾರದ ಕಡೆ ಬಂಗಡೆ ಸಾರು ಮಾಡಿದ ದಿನಕ್ಕಿಂತ ಮಾರನೇ ದಿನವೇ ರುಚಿ ಜಾಸ್ತಿ. ಕೆಟ್ಟರೆ? ‘ಮುರುಗಲು ಹಾಕಿದೀನಲ್ಲ, ಏನಾಗಲ್ಲ’ ಅನ್ನುತ್ತಾರೆ ನಮ್ಮತ್ತೆ. ಆ ಮಾತು ಅರ್ಧ ಸರಿ.

ಮುರುಗಲು ಅಂದರೆ ಕೋಕಂ ಹಣ್ಣು. ಉಪ್ಪು ಹಾಕಿ ಒಣಗಿಸಿದ ಅದರ ಸಿಪ್ಪೆ ನೋಡೋಕೆ ಕರ್ರಗೆ, ಮುದುಡಿಕೊಂಡಿರುತ್ತದೆ. ಬಿಸಿನೀರಿಗೆ ಹಾಕಿದರೆ ಐದೇ ನಿಮಿಷಕ್ಕೆ ನೀರೆಲ್ಲ ಕಡುಗೆಂಪು. ಅದರ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ. ಶಿರಸಿ ಕಡೆಯ ಉಪ್ಪಾಗೆ ಹಣ್ಣಿನಲ್ಲೂ ಇರುವುದು ಇದೇ. ಹುಣಸೆಯದು ಟಾರ್ಟಾರಿಕ್ ಆಮ್ಲ.

ಇಂಥ ಆಮ್ಲದ ಅಣುಗಳಲ್ಲಿ ಕೆಲವು ನೀರಿಗೆ ಬಿದ್ದ ಕೂಡಲೇ ಹುಳಿ ತರುವ ಹೈಡ್ರೋಜನ್ ಅಯಾನು ಬಿಟ್ಟುಕೊಡುತ್ತವೆ, ಕೆಲವು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಬ್ಯಾಕ್ಟೀರಿಯಾದ ಜಿಡ್ಡಿನ ಪೊರೆ ದಾಟಿ ಸುಲಭವಾಗಿ ನುಸುಳುವುದು ಈ ಹಿಡಿದುಕೊಂಡವು. ಒಳಗೆ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 7ರ ಆಸುಪಾಸು ಇರುತ್ತದೆ. ಅಲ್ಲಿ ಹೈಡ್ರೋಜನ್ ಕಳಚಿಕೊಳ್ಳುತ್ತದೆ, ಒಳಗೂ ಹುಳಿಯಾಗುತ್ತದೆ. ಆಗ ಅದನ್ನು ಹೊರಹಾಕಲೇಬೇಕು, ಸೋರುವ ದೋಣಿಯಿಂದ ನೀರು ತೋಡಿದ ಹಾಗೆ. ಇರುವ ಶಕ್ತಿಯೆಲ್ಲ ತೋಡುವುದಕ್ಕೇ ಖರ್ಚಾದರೆ ಬೆಳೆಯುವುದು ಯಾವಾಗ? ಎಷ್ಟೋ ಸಲ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸುಮ್ನೆ ಕೂತಿರುತ್ತದೆ ಅಷ್ಟೇ. ಈ ನುಸುಳುವ ವಿದ್ಯೆಯಲ್ಲಿ ವಿನೆಗರ್‌ನ ಅಸಿಟಿಕ್ ಆಮ್ಲ ನಿಂಬೆಯ ಸಿಟ್ರಿಕ್‌ಗಿಂತ ಚುರುಕು.

ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬೊಟುಲಿಸಮ್ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಉಪ್ಪಿನಕಾಯಿಗೆ ಈ ರಕ್ಷೆ ಇದೆ. ಆದರೆ ಎಲ್ಲವೂ ಇಷ್ಟು ಪುಕ್ಕಲು ಅಲ್ಲ. 1996ರಲ್ಲಿ ಅಮೆರಿಕದಲ್ಲಿ ಕಾಯಿಸದ ಸೇಬಿನ ರಸ ಕುಡಿದು ಹಲವರು ಕಾಯಿಲೆ ಬಿದ್ದರು. ಹುಳಿ ರಸದಲ್ಲೂ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ಬದುಕಿಕೊಂಡಿತ್ತು. ಇನ್ನು ನಮ್ಮ ಸಾರಿಗೆ ಬೀಳುವುದು ನಾಲ್ಕು ಸಿಪ್ಪೆ. ಜೊತೆಗೆ ರುಬ್ಬಿದ ತೆಂಗಿನಕಾಯಿ, ಮೀನು. ಎರಡೂ ಹುಳಿಯನ್ನು ಮೆತ್ತಗೆ ಮಾಡುತ್ತವೆ. ನಾಲಿಗೆಗೆ ಹುಳಿ ಅನಿಸಿದ್ದು ಬ್ಯಾಕ್ಟೀರಿಯಾಕ್ಕೂ ಅಷ್ಟೇ ಹುಳಿ ಅಂತೇನಿಲ್ಲ.

ಬಂಗಡೆಯದು ಬೇರೆಯೇ ತಕರಾರು. ಅದರಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಐಸಿಲ್ಲದೆ ಬಿಸಿಲಿಗಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮಿನ್ ಮಾಡಿಬಿಡುತ್ತವೆ. ಒಮ್ಮೆ ಆಯಿತೋ, ಕುದಿಸಿದರೂ ಹೋಗುವುದಿಲ್ಲ, ಹುಳಿ ಹಿಂಡಿದರೂ ಹೋಗುವುದಿಲ್ಲ. ಒಂದು ಏಪ್ರಿಲ್‌ನಲ್ಲಿ ಮಧ್ಯಾಹ್ನ ತಡವಾಗಿ ಅಗ್ಗಕ್ಕೆ ಸಿಕ್ಕಿತು ಅಂತ ಬಂಗಡೆ ತಂದಿದ್ದೆ. ಉಂಡು ಅರ್ಧ ಗಂಟೆಗೆ ಮುಖ ಕೆಂಪಾಯಿತು, ಕುತ್ತಿಗೆ ತುರಿಕೆ, ತಲೆನೋವು. ಸಾರು ಆಗತಾನೇ ಮಾಡಿದ್ದು, ಮುರುಗಲೂ ಹಾಕಿತ್ತು.

ಮುರುಗಲು ಸಾಕಾಗಿರಲಿಲ್ಲ ಅಂತ ಅತ್ತೆ ಈಗಲೂ ಹೇಳುತ್ತಾರೆ.