ಹಸಿ ಸೌದೆ ಮತ್ತು ತಣ್ಣಗಾಗುವ ಗ್ಯಾಸಿಫೈಯರ್

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಮಲೆನಾಡಿನಲ್ಲಿ ಮಳೆ ಬಿಟ್ಟಿರುತ್ತದೆ, ಸೌದೆಯ ಹಸಿ ಬಿಟ್ಟಿರುವುದಿಲ್ಲ. ಅಡಿಕೆ ಬೇಯಿಸಲು ಗ್ಯಾಸಿಫೈಯರ್ (ಸೌದೆಯನ್ನು ಕಮ್ಮಿ ಗಾಳಿಯಲ್ಲಿ ಅರೆಬರೆ ಉರಿಸಿ ಉರಿಯುವ ಗ್ಯಾಸ್ ಮಾಡುವ ಕುಲುಮೆ) ಹೊತ್ತಿಸಿದರೆ ಬರ್ನರ್‌ನಲ್ಲಿ ಬಿಳಿ ಹೊಗೆ, ಪೈಪಿನೊಳಗೆ ಅಂಟಂಟು ಟಾರ್. ಆಗ ಕೈ ಹೋಗುವುದು ಗಾಳಿ ಊದುವ ಬ್ಲೋವರ್‌ಗೆ. ಅಲ್ಲೇ ಕೆಲಸ ಕೆಡುವುದು.

ಒಳಗೆ ಆಗುವುದಿಷ್ಟು. ಗಾಳಿ ನಳಿಗೆಯ ಎದುರು ಇದ್ದಿಲು ಉರಿದು 1,100ರಿಂದ 1,300 ಡಿಗ್ರಿ ಕಾವು ಹುಟ್ಟುತ್ತದೆ. ಅದರ ಕೆಳಗಿನ ಕೆಂಡ ಇಂಗಾಲದ ಡೈಆಕ್ಸೈಡನ್ನು ಕಾರ್ಬನ್ ಮೊನಾಕ್ಸೈಡ್ ಮಾಡುವಾಗ ಮೋಲ್‌ಗೆ 172 ಕಿಲೋಜೌಲ್, ಹಬೆಯಿಂದ ಹೈಡ್ರೋಜನ್ ಬಿಡಿಸುವಾಗ 131 ಕಿಲೋಜೌಲ್ ಶಾಖ ನುಂಗುತ್ತದೆ. ಕಾವು 700 ಡಿಗ್ರಿಗಿಂತ ಕೆಳಗಿಳಿದರೆ ಎರಡೂ ಮಂದವಾಗುತ್ತವೆ, ಟಾರ್ ಒಡೆಯದೆ ಹಾಗೇ ಹೊರಬರುತ್ತದೆ.

ಈಗ ಸೌದೆಯ ಲೆಕ್ಕ. ಶೇ. 40 ತೇವದ ಒಂದು ಕಿಲೋದಲ್ಲಿ 400 ಗ್ರಾಂ ನೀರು. ಅದನ್ನು ಹಬೆ ಮಾಡಿ 900 ಡಿಗ್ರಿಗೆ ಏರಿಸಲು ಸುಮಾರು 1.7 ಮೆಗಾಜೌಲ್ ಬೇಕು. ಉಳಿದ 600 ಗ್ರಾಂ ಒಣ ಮರದಲ್ಲಿರುವುದೇ 11 ಮೆಗಾಜೌಲ್‌ನ ಆಸುಪಾಸು. ಬ್ಲೋವರ್ ಜೋರು ಮಾಡಿದರೆ ಈ ನೀರು ಕಮ್ಮಿಯಾಗುವುದಿಲ್ಲ. ಹುಟ್ಟಿದ ಗ್ಯಾಸೇ ಒಳಗೆ ಉರಿದುಹೋಗುತ್ತದೆ, ನಳಿಗೆಯ ಬಾಯಲ್ಲಿ ಬೂದಿ ಕರಗಿ ಕಿಟ್ಟ ಕಟ್ಟುತ್ತದೆ. ಅಡಿಕೆ ಸಿಪ್ಪೆ ಬೆರೆಸಿದ್ದರಂತೂ ಬೂದಿಯಲ್ಲಿನ ಪೊಟ್ಯಾಶಿಯಂನಿಂದ ಕಿಟ್ಟ ಇನ್ನೂ ಬೇಗ; ಹಗುರಾದ ಸಿಪ್ಪೆ ಮೇಲೆ ಗೂಡು ಕಟ್ಟಿ ಕೆಳಗಿಳಿಯದೆ ನಿಲ್ಲುವುದು ಬೇರೆ ಕಾಟ.

ತೇವ ನೋಡಲು ಬೇರೆ ಮೀಟರ್ ಬೇಡ. ತುಂಡೊಂದನ್ನು ಸೀಳಿ, ಒಳಭಾಗದ ಚಕ್ಕೆ 100 ಗ್ರಾಂ ತೂಗಿ, 105 ಡಿಗ್ರಿಯ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. 72 ಗ್ರಾಂ ಉಳಿದರೆ ತೇವ ಶೇ. 28. ಅಂಥದ್ದು ಗ್ಯಾಸಿಫೈಯರ್‌ಗೆ ಹಾಕಬೇಡಿ. 20ರ ಒಳಗಿರಬೇಕು, 15 ಇದ್ದರೆ ನೆಮ್ಮದಿ. ಹೊಗೆಕೊಳವೆಯ ಬಿಸಿಯನ್ನು ಸೌದೆ ಕೊಟ್ಟಿಗೆಗೆ ತಿರುಗಿಸಿದರೆ ಒಣಗಿಸುವ ಖರ್ಚು ಉಳಿಯುತ್ತದೆ.

ಹೊತ್ತಿಸುವಾಗ ನಳಿಗೆ ಮುಚ್ಚುವವರೆಗೆ ಇದ್ದಿಲನ್ನೇ ತುಂಬಿ, ಅದು ಕೆಂಪಾದ ಮೇಲೆ ಸೌದೆ ಸುರಿಯಿರಿ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿಯೂ ಮಲೆನಾಡಿನ ಮರ ಮೊದಲು ಇದ್ದಿಲಾಗಿಯೇ ಕುಲುಮೆಗೆ ಹೋಗುತ್ತಿತ್ತು.

ಹಂಡೆಯ ಒಲೆಗಾದರೆ ಗ್ಯಾಸ್ ತಣಿಸಬೇಡಿ: ಪೈಪು ಗಿಡ್ಡವಿರಲಿ, ಹೊದಿಕೆ ಸುತ್ತಿ, ಬಿಸಿ ಆರದಿದ್ದರೆ ಉಳಿದ ಟಾರೂ ಬರ್ನರ್‌ನಲ್ಲೇ ಉರಿಯುತ್ತದೆ. ಎಂಜಿನ್‌ಗಾದರೆ ತದ್ವಿರುದ್ಧ, 40 ಡಿಗ್ರಿಯ ಆಸುಪಾಸಿಗೆ ತಣಿಸಿ ಸೋಸಲೇಬೇಕು. ಎರಡರಲ್ಲೂ ಇರುವ ಕಾರ್ಬನ್ ಮೊನಾಕ್ಸೈಡ್ ವಿಷ, ಅದಕ್ಕೆ ವಾಸನೆಯಿಲ್ಲ. ಮಳೆ ಎರಚುತ್ತದೆಂದು ಶೆಡ್ಡಿನ ನಾಲ್ಕೂ ಕಡೆ ತಾಡಪಾಲು ಕಟ್ಟಬೇಡಿ.