ಕಂಟೇನರ್ ಅಟ್ಟಿಯನ್ನು ಹಿಡಿದಿಡುವ ಕಬ್ಬಿಣ: 58 ಪೆಟ್ಟಿಗೆಗಳಿಂದ ಇಲ್ಲಿಯವರೆಗೆ

ಪಣಂಬೂರಿನ ನವಮಂಗಳೂರು ಬಂದರಿಗೆ ಹೋಗುವ ಟ್ರೈಲರ್ ಲಾರಿಯ ಮೇಲಿನ ಕಂಟೇನರಿನ ಮೂಲೆಗಳನ್ನು ಗಮನಿಸಿ. ಎಂಟೂ ಮೂಲೆಗಳಲ್ಲಿ ತೂತುಗಳಿರುವ ಉಕ್ಕಿನ ಗಟ್ಟಿ ಕೂತಿರುತ್ತದೆ. ಉದ್ದ 178, ಅಗಲ 162, ಎತ್ತರ 118 ಮಿಲಿಮೀಟರ್. ಇದು ಕಾರ್ನರ್ ಕಾಸ್ಟಿಂಗ್. ಕ್ರೇನು ಎತ್ತುವುದು, ಲಾರಿಗೆ ಬಿಗಿಯುವುದು, ಹಡಗಿನಲ್ಲಿ ಒಂದರ ಮೇಲೊಂದು ಪೇರಿ ಕಟ್ಟುವುದು ಎಲ್ಲವೂ ಇದರ ಮೂಲಕವೇ. ಮೇಲೆ ಪೇರಿದ ಪೆಟ್ಟಿಗೆಗಳ ಭಾರವನ್ನು ಗೋಡೆಯ ತಗಡು ಹೊರುವುದಿಲ್ಲ, ನಾಲ್ಕು ಮೂಲೆಗಂಬಗಳು ಹೊರುತ್ತವೆ.

1956ರ ಏಪ್ರಿಲ್ 26ರಂದು ಹಡಗು ಉದ್ಯಮಿ ಮಾಲ್ಕಮ್ ಮೆಕ್‌ಲೀನ್ ಅವರ 'ಐಡಿಯಲ್ ಎಕ್ಸ್' ಹಡಗು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್ನಿಗೆ ಹೊರಟಾಗ ಡೆಕ್ಕಿನ ಮೇಲಿದ್ದದ್ದು 58 ಪೆಟ್ಟಿಗೆಗಳು, ಅದೂ ಒಂದೇ ಅಂತಸ್ತು. ಮರುವರ್ಷ ಬಂದ 'ಗೇಟ್‌ವೇ ಸಿಟಿ' 226 ಪೆಟ್ಟಿಗೆಗಳನ್ನು ಹೊತ್ತಿತು. ಅದರ ಒಡಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಉಕ್ಕಿನ ಹಳಿಗಳಿದ್ದವು. ಅವುಗಳ ನಡುವೆ ಇಳಿಸಿದ ಪೆಟ್ಟಿಗೆ ಪಕ್ಕಕ್ಕೆ ಸರಿಯಲಾರದು, ಕಟ್ಟುವ ಅಗತ್ಯವೂ ಇಲ್ಲ. ತಾಪತ್ರಯವೆಲ್ಲ ಡೆಕ್ಕಿನ ಮೇಲೆ ಪೇರುವ ಅಟ್ಟಿಯದ್ದು. ಅದಕ್ಕೆ ಮೆಕ್‌ಲೀನ್ ಅವರ ಎಂಜಿನಿಯರ್ ಕೀತ್ ಟ್ಯಾಂಟ್ಲಿಂಗರ್ ಕೊಟ್ಟ ಉತ್ತರ ಟ್ವಿಸ್ಟ್‌ಲಾಕ್. ಮೂಲೆಯ ಉದ್ದನೆಯ ತೂತಿಗೆ ಶಂಕುವಿನಾಕಾರದ ತಲೆಯನ್ನು ತೂರಿಸಿ 90 ಡಿಗ್ರಿ ತಿರುಗಿಸಿದರೆ ಅದು ಅಡ್ಡ ಸಿಕ್ಕಿಕೊಂಡು ಮೇಲಿನ ಮತ್ತು ಕೆಳಗಿನ ಪೆಟ್ಟಿಗೆಗಳನ್ನು ಬೆಸೆಯುತ್ತದೆ. ಇದರ ಪೇಟೆಂಟನ್ನು ಕಂಪನಿ 1960ರ ದಶಕದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಜಗತ್ತಿಗೆಲ್ಲ ಒಂದೇ ಅಳತೆಯ ಮೂಲೆ ಸಿಕ್ಕಿದ್ದು ಹಾಗೆ. ಈ ಕಥೆಯಲ್ಲಿ ಅತಿ ದೊಡ್ಡ ನಿರ್ಧಾರ ಇದೇ ಎನ್ನಬೇಕು.

ಮೊದಲ ಟ್ವಿಸ್ಟ್‌ಲಾಕ್‌ಗಳನ್ನು ಕೈಯಿಂದ ಇಟ್ಟು ತಿರುಗಿಸಬೇಕಿತ್ತು. ಅದಕ್ಕಾಗಿ ಕೆಲಸಗಾರರು ಅಟ್ಟಿಯ ನೆತ್ತಿಯ ಮೇಲೆ ಓಡಾಡಬೇಕಿತ್ತು. ಬಿದ್ದರೆ ಜೀವಕ್ಕೇ ಕುತ್ತು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು 1999ರ ಜುಲೈ ನಂತರ ಈ ಓಡಾಟಕ್ಕೆ ಬಹುಮಟ್ಟಿಗೆ ತಡೆ ಹಾಕಿದವು. ಈ ಓಡಾಟ ಬೇಡದ ಅರೆ-ಸ್ವಯಂಚಾಲಿತ ಲಾಕನ್ನು ಕ್ರೇನಿನಲ್ಲಿ ತೂಗುತ್ತಿರುವ ಪೆಟ್ಟಿಗೆಯ ಕೆಳಮೂಲೆಗಳಿಗೆ ಬಂದರಿನ ಕಟ್ಟೆಯಲ್ಲೇ ಸಿಕ್ಕಿಸುತ್ತಾರೆ. ಪೆಟ್ಟಿಗೆ ಕೂತ ಕೂಡಲೇ ಅದು ತಾನೇ ತಿರುಗಿ ಲಾಕ್ ಆಗುತ್ತದೆ. ಬಿಡಿಸಲು ಡೆಕ್ಕಿನಲ್ಲಿ ನಿಂತು ಉದ್ದ ಕೋಲಿನಿಂದ ಅದರ ತಂತಿ ಎಳೆದರಾಯಿತು.

ಎತ್ತರದ ಅಟ್ಟಿಗೆ ಟ್ವಿಸ್ಟ್‌ಲಾಕ್ ಒಂದೇ ಸಾಲದು. ಹಡಗು ಹೊಯ್ದಾಡುವಾಗ ಕೆಳಗಿನ ಪೆಟ್ಟಿಗೆಯ ಚೌಕಟ್ಟು ಓರೆಯಾಗುತ್ತದೆ, ಬಾಗಿಲಿರುವ ತುದಿಯಲ್ಲಿ ಇನ್ನೂ ಬೇಗ; ಅಲ್ಲಿ ಮಿತಿ ಸುಮಾರು 15 ಟನ್ ಅಡ್ಡಬಲ. ಆದ್ದರಿಂದ ಎರಡನೆಯ ಅಥವಾ ಮೂರನೆಯ ಅಂತಸ್ತಿನ ಕೆಳಮೂಲೆಗೆ ಲ್ಯಾಶಿಂಗ್ ರಾಡ್, ಅಂದರೆ ಕಟ್ಟುವ ಉಕ್ಕಿನ ಸರಳು, ಸಿಕ್ಕಿಸಿ, ಕತ್ತರಿಯಾಕಾರದಲ್ಲಿ ಕೆಳಗೆ ತಂದು, ತಿರುಗಿಸಿದಷ್ಟೂ ಬಿಗಿಯಾಗುವ ಟರ್ನ್‌ಬಕಲ್‌ನಿಂದ ಬಿಗಿದು, ಲಾಕ್‌ನಟ್ ಹಾಕುತ್ತಾರೆ. ಸಾಮಾನ್ಯವಾಗಿ ರಾಡಿನ ಕೆಲಸದ ಭಾರ ಸುಮಾರು 25 ಟನ್, ತುಂಡಾಗುವ ಭಾರ ಅದರ ಎರಡರಷ್ಟು. ಉದ್ದ ರಾಡನ್ನು ಮನುಷ್ಯರು ಎತ್ತಿ ಸಿಕ್ಕಿಸಬೇಕಾದ್ದರಿಂದ ಅದು ಮುಟ್ಟುವ ಎತ್ತರಕ್ಕೆ ಮಿತಿಯಿದೆ. ಅದನ್ನು ಮೇಲೆತ್ತಲೆಂದೇ ದೊಡ್ಡ ಹಡಗುಗಳಲ್ಲಿ ಅಟ್ಟಿಗಳ ನಡುವೆ ಲ್ಯಾಶಿಂಗ್ ಬ್ರಿಡ್ಜ್ ಎಂಬ ಉಕ್ಕಿನ ಅಟ್ಟಣಿಗೆ ಬಂತು. ಅಲ್ಲಿಂದ ಮೇಲಿನ ಅಂತಸ್ತುಗಳನ್ನು ಹಿಡಿದಿರುವುದು ಬರೀ ಟ್ವಿಸ್ಟ್‌ಲಾಕ್.

ಹೆಚ್ಚು ಬಿಗಿದಷ್ಟೂ ಭದ್ರ ಎಂಬ ನಂಬಿಕೆ ತಪ್ಪು. ಸ್ಪ್ಯಾನರಿಗೆ ಪೈಪು ತೊಡಿಸಿ ತಿರುಗಿಸಿದರೆ ರಾಡಿನ ಶಕ್ತಿಯ ಒಂದು ಪಾಲು ಬಂದರಿನಲ್ಲೇ ಖರ್ಚಾಗುತ್ತದೆ, ಮೂಲೆಗಂಬದ ಮೇಲಿನ ಒತ್ತಡವೂ ಏರುತ್ತದೆ. ಎಡಕ್ಕೆ ತಿರುಗಿ ಮುಚ್ಚುವ ಲಾಕ್, ಬಲಕ್ಕೆ ತಿರುಗಿ ಮುಚ್ಚುವ ಲಾಕ್ ಒಂದೇ ಹಡಗಿನಲ್ಲಿ ಬೆರೆತರೆ ಹಿಡಿಕೆಯನ್ನು ನೋಡಿ ಯಾವುದು ಮುಚ್ಚಿದೆ, ಯಾವುದು ತೆರೆದಿದೆ ಎಂದು ಹೇಳಲಾಗದು. ಡೆಕ್ಕಿನಲ್ಲಿ ಲಾಕ್ ಕೂರುವ, ತುಕ್ಕು ಹಿಡಿದ ಬುಡದ ಸಾಕೆಟ್ಟೂ ಅಷ್ಟೇ ಅಪಾಯಕಾರಿ.

ಇದಕ್ಕಿಂತ ಕೆಟ್ಟದ್ದು ಸುಳ್ಳು ತೂಕ. ಲ್ಯಾಶಿಂಗ್ ಲೆಕ್ಕವೆಲ್ಲ ಭಾರದ ಪೆಟ್ಟಿಗೆ ಕೆಳಗೆ, ಹಗುರದ್ದು ಮೇಲೆ ಎಂಬುದರ ಮೇಲೆ ನಿಂತಿದೆ. 2007ರಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಒಡಲು ಬಿರಿದ 'ಎಂಎಸ್‌ಸಿ ನಾಪೋಲಿ'ಯ ಡೆಕ್ಕಿನ 660 ಪೆಟ್ಟಿಗೆಗಳನ್ನು ತೂಗಿದಾಗ 137ರ ತೂಕ ದಾಖಲೆಗಿಂತ 3 ಟನ್ನಿಗೂ ಹೆಚ್ಚು ವ್ಯತ್ಯಾಸದಲ್ಲಿತ್ತು. ಒಂದರಲ್ಲಂತೂ ವ್ಯತ್ಯಾಸ 20 ಟನ್! ಆದರೂ ಹಡಗಿಗೇರಿಸುವ ಮೊದಲು ತೂಕ ದೃಢೀಕರಿಸುವ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬಂದದ್ದು 2016ರ ಜುಲೈ 1ರಂದು. ಒಂಬತ್ತು ವರ್ಷ ಕಾಯಬೇಕಾಯಿತು.

ತೂಕ ಸರಿಯಿದ್ದರೂ ಕಡಲು ಲೆಕ್ಕ ಮೀರಬಹುದು. 1998ರ ಅಕ್ಟೋಬರಿನಲ್ಲಿ ಪೆಸಿಫಿಕ್ ದಾಟುತ್ತಿದ್ದ 'ಎಪಿಎಲ್ ಚೀನಾ' ಅಲೆಗೆ ಎದುರಾಗಿಯೇ ಸಾಗುತ್ತಿತ್ತು. ಹಾಗಿದ್ದೂ ಪಕ್ಕಕ್ಕೆ ಭಾರಿಯಾಗಿ ವಾಲಾಡಿ ನೂರಾರು ಪೆಟ್ಟಿಗೆ ಕಳೆದುಕೊಂಡಿತು. ಹಡಗಿನಷ್ಟೇ ಉದ್ದದ ಅಲೆಗಳು, ಹಡಗು ಸಹಜವಾಗಿ ಹೊಯ್ದಾಡಲು ಬೇಕಾಗುವ ಹೊತ್ತಿನ ಅರ್ಧಕ್ಕೊಮ್ಮೆ ಎದುರಾದರೆ, ಪ್ರತಿ ಸುತ್ತಿಗೂ ಓಲಾಟ ಬೆಳೆಯುತ್ತದೆ. ಇದಕ್ಕೆ ಪ್ಯಾರಾಮೆಟ್ರಿಕ್ ರೋಲಿಂಗ್ ಎನ್ನುತ್ತಾರೆ. 2019ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ದ್ವೀಪಗಳ ಬಳಿ 342 ಪೆಟ್ಟಿಗೆ ಚೆಲ್ಲಿದ 'ಎಂಎಸ್‌ಸಿ ಝೋಯಿ'ಯ ಕಥೆ ಬೇರೆ. ಅಗಲವಾದ ದೊಡ್ಡ ಹಡಗು ವಾಲಿದ ಕೂಡಲೇ ರಭಸದಿಂದ ನೆಟ್ಟಗಾಗುತ್ತದೆ. ಆ ಎಳೆತವೆಲ್ಲ ಅಟ್ಟಿಯ ಮೇಲೆ. ಆಳವಿಲ್ಲದ ನೀರು, ಬದಿಯಿಂದ ಅಪ್ಪಳಿಸುವ ಅಲೆ ಸೇರಿದರೆ ಸರಿಯಾಗಿ ಕಟ್ಟಿದ್ದೂ ಕಿತ್ತುಬರುತ್ತದೆ. 2020ರ ನವೆಂಬರಿನಲ್ಲಿ 'ಒನ್ ಏಪಸ್' ಒಂದೇ ಬಿರುಗಾಳಿಯಲ್ಲಿ 1,816 ಪೆಟ್ಟಿಗೆ ಕಳೆದುಕೊಂಡಿತು.

ಬಂದರು ಬಿಟ್ಟ ಮೇಲೆ ಸಿಬ್ಬಂದಿ ದಿನವೂ ಟರ್ನ್‌ಬಕಲ್ ಪರೀಕ್ಷಿಸಿ, ಸಡಿಲವಾದದ್ದನ್ನು ಬಿಗಿಯಬೇಕು. ಬಿರುಗಾಳಿ ಬಂದ ಮೇಲೆ ಅಟ್ಟಿಗಳ ನಡುವೆ ಕಾಲಿಡುವುದೇ ಜೀವಾಪಾಯ. ಆಗ ಕ್ಯಾಪ್ಟನ್ನರ ಕೈಯಲ್ಲಿ ಉಳಿಯುವುದು ವೇಗ ಮತ್ತು ದಿಕ್ಕು ಬದಲಿಸುವುದಷ್ಟೇ.