ಉಮಟಿಲಾದ ಮರಳು: ಸೇಜ್‌ಬ್ರಷ್ ನೆಲಕ್ಕೆ ನೀರು ಬಂತು, ಬಾವಿಗೆ ನೈಟ್ರೇಟ್ ಇಳಿಯಿತು

2022ರ ಜೂನ್‌ನಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಮಾರೋ ಕೌಂಟಿ ತುರ್ತುಸ್ಥಿತಿ ಘೋಷಿಸಿತು. ಮನೆಗಳ ಕೊಳವೆಬಾವಿಗಳಲ್ಲಿ ನೈಟ್ರೇಟ್, ಅಂದರೆ ನೀರಿನಲ್ಲಿ ಕರಗಿ ಹೋಗುವ ಸಾರಜನಕದ ರೂಪ, ಮಿತಿ ದಾಟಿತ್ತು. ಇದು ರಾತ್ರೋರಾತ್ರಿ ಬಂದ ಕೇಡಲ್ಲ. ಕೊಲಂಬಿಯಾ ನದಿಯ ದಕ್ಷಿಣಕ್ಕಿರುವ ಈ ಉಮಟಿಲಾ ತಗ್ಗು ಪ್ರದೇಶವನ್ನು ನೈಟ್ರೇಟ್ ಕಾರಣಕ್ಕಾಗಿಯೇ ರಾಜ್ಯ ಸರ್ಕಾರ 1990ರಲ್ಲಿ ಅಂತರ್ಜಲ ನಿರ್ವಹಣಾ ವಲಯವೆಂದು ಗುರುತಿಸಿತ್ತು. 32 ವರ್ಷವಾದರೂ ಬಾವಿಗಳು ಏಕೆ ಸುಧಾರಿಸಲಿಲ್ಲ ಎಂಬುದಕ್ಕೆ ಉತ್ತರದ ದೊಡ್ಡ ಭಾಗ ಅಲ್ಲಿನ ಮಣ್ಣಿನಲ್ಲಿದೆ.

ಹಿಮಯುಗದ ಕೊನೆಯಲ್ಲಿ, ಸುಮಾರು 18,000ದಿಂದ 15,000 ವರ್ಷಗಳ ಹಿಂದೆ, ಮಿಸ್ಸೌಲಾ ಸರೋವರವನ್ನು ತಡೆದು ನಿಂತಿದ್ದ ಹಿಮದ ಕಟ್ಟೆ ಮತ್ತೆ ಮತ್ತೆ ಒಡೆಯಿತು. ಆ ಮಹಾಪ್ರವಾಹಗಳು ವಾಲ್ಯುಲಾ ಕಣಿವೆಯ ಇಕ್ಕಟ್ಟಿನಿಂದ ಹೊರನುಗ್ಗಿ ಉಮಟಿಲಾದ ಬಯಲಲ್ಲಿ ಹರಡಿಕೊಂಡಾಗ ವೇಗ ತಗ್ಗಿ, ಹೊತ್ತು ತಂದ ಜಲ್ಲಿ ಮರಳು ಅಲ್ಲೇ ಕುಳಿತವು. ಆಮೇಲೆ ಗಾಳಿ ಆ ಮರಳನ್ನು ಎತ್ತಿ ದಿಬ್ಬ ಮಾಡಿತು. ಮಣ್ಣು ಸಮೀಕ್ಷೆಯವರು 'ಕ್ವಿನ್ಸಿ' ಎಂದು ಕರೆಯುವ ಮಣ್ಣು ಹೀಗೆ ಹುಟ್ಟಿದ್ದು. ಒಂದೂವರೆ ಮೀಟರ್ ಅಗೆದರೂ ಅದೇ ಮರಳು. ಜೇಡಿ ಸೇರಿ ಗಟ್ಟಿಯಾದ ಪದರ ಸಿಗುವುದಿಲ್ಲ. ಸಾವಯವ ಅಂಶ ಶೇ. 1ಕ್ಕಿಂತ ಕಡಿಮೆ. ತೇವವಿದ್ದಾಗ ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ಕಟ್ಟುತ್ತದೆ, ಬೆರಳು ತಾಗಿಸಿದರೆ ಉದುರುತ್ತದೆ.

ಇಂಥ ಮಣ್ಣನ್ನು ಬಡ ಮಣ್ಣು ಎಂದು ತಳ್ಳಿಹಾಕುವುದು ಸುಲಭ. ಆದರೆ ವರ್ಷಕ್ಕೆ 220 ಮಿ.ಮೀ. ಆಸುಪಾಸು, ಅದೂ ಹೆಚ್ಚಾಗಿ ಚಳಿಗಾಲದಲ್ಲಿ, ಮಳೆ ಹಿಮ ಬೀಳುವ ನಾಡಿನಲ್ಲಿ ಮರಳೇ ನೀರನ್ನು ಚೆನ್ನಾಗಿ ಕಾಯುತ್ತದೆ. 10 ಮಿ.ಮೀ. ಮಳೆ ಒಣಗಿದ ಜೇಡಿಮಣ್ಣಿನಲ್ಲಿ ಐದಾರು ಸೆಂ.ಮೀ. ಇಳಿದು ಅಲ್ಲೇ ನಿಂತು ಬಿಸಿಲಿಗೆ ಆರಿಹೋಗುತ್ತದೆ. ಒಣ ಮರಳಿನಲ್ಲಿ ಅಷ್ಟೇ ನೀರು 12-15 ಸೆಂ.ಮೀ. ಇಳಿಯುತ್ತದೆ. ಮೇಲಿನ ಪದರ ಬೇಗ ಒಣಗಿ, ಕೆಳಗಿನ ತೇವಕ್ಕೆ ಹೊದಿಕೆಯಾಗುತ್ತದೆ. ಎಲೆತುದಿಯಲ್ಲಿ ಮೂರು ಹಲ್ಲುಗಳಿರುವ ಬೂದುಬಣ್ಣದ ಕುರುಚಲು ಗಿಡ ಸೇಜ್‌ಬ್ರಷ್ ಬದುಕುವುದು ಈ ತೇವದ ಮೇಲೆಯೇ. ಅದರ ಬೇರು ಎರಡು ಮೀಟರ್‌ಗೂ ಕೆಳಗೆ ಹೋಗುತ್ತದೆ. ರಾತ್ರಿ ಹೊತ್ತು ಆಳದ ನೀರನ್ನು ಮೇಲಿನ ಒಣ ಪದರಕ್ಕೆ ಬಿಡುತ್ತದೆ ಎಂದು 1987ರಲ್ಲಿ ವಿಜ್ಞಾನಿಗಳಾದ ರಿಚರ್ಡ್ಸ್ ಮತ್ತು ಕಾಲ್ಡ್‌ವೆಲ್ ತೋರಿಸಿದರು. ಚಳಿಗಾಲದಲ್ಲಿ ಇಂಗಿದ್ದನ್ನು ಬೇಸಿಗೆಯಲ್ಲಿ ಗಿಡ ಹುಲ್ಲುಗಳು ಹೆಚ್ಚುಕಡಿಮೆ ಪೂರ್ತಿ ಹೀರಿಕೊಳ್ಳುತ್ತಿದ್ದವು. ಅಂತರ್ಜಲಕ್ಕೆ ಮುಟ್ಟುತ್ತಿದ್ದದ್ದು ಅತ್ಯಲ್ಪ.

ಈ ಲೆಕ್ಕವನ್ನು ಕದಲಿಸಿದ್ದು ನೀರಾವರಿ. 1908ರಲ್ಲಿ ಕೋಲ್ಡ್ ಸ್ಪ್ರಿಂಗ್ಸ್ ಅಣೆಕಟ್ಟು ಬಂತು. ಆದರೆ ಮರಳಿನಲ್ಲಿ ಹಾಯಿನೀರು ನಡೆಯುವುದು ಕಷ್ಟ: ಸಾಲಿನ ತಲೆಯಲ್ಲೇ ಇಂಗಿಬಿಡುತ್ತದೆ, ಕೊನೆ ಮುಟ್ಟುವಷ್ಟರಲ್ಲಿ ತಲೆಯ ಕಡೆ ಬೇಕಾದ್ದರ ಹಲವು ಪಟ್ಟು ಕುಡಿದಿರುತ್ತದೆ. ಮರಳು ದಿಬ್ಬಗಳನ್ನು ಹೊಲವಾಗಿಸಿದ್ದು ಫ್ರಾಂಕ್ ಝೈಬಾಕ್ 1952ರಲ್ಲಿ ಪೇಟೆಂಟ್ ಪಡೆದ ಸೆಂಟರ್ ಪಿವಟ್. ಗಾಲಿಗಳ ಮೇಲೆ ನಿಂತ ಉದ್ದನೆಯ ಪೈಪು ನಡುಗಂಬದ ಸುತ್ತ ತಿರುಗುತ್ತ ತುಂತುರು ಹಾಯಿಸುತ್ತದೆ. 160 ಎಕರೆಯ ಚೌಕದಲ್ಲಿ ಸುಮಾರು 125 ಎಕರೆಯ ವೃತ್ತ ನೆನೆಯುತ್ತದೆ. ನೆಲ ಸಮ ಮಾಡುವ ಕೆಲಸವಿಲ್ಲ. ಆಲೂಗಡ್ಡೆ, ಈರುಳ್ಳಿ, ಮೆಕ್ಕೆಜೋಳ ಬಂದವು.

ಆಲೂಗಡ್ಡೆಯ ಲೆಕ್ಕ ನೋಡಿ. ಬೇರು ಹೆಚ್ಚಾಗಿ ಮೇಲಿನ 45 ಸೆಂ.ಮೀ.ನಲ್ಲಿ. ಈ ಮರಳು ಮೀಟರ್ ಆಳಕ್ಕೆ 80 ಮಿ.ಮೀ. ಬಳಸಬಹುದಾದ ನೀರು ಹಿಡಿಯುತ್ತದೆ ಎಂದುಕೊಂಡರೆ, ಬೇರಿಗೆ ಸಿಗುವುದು 36 ಮಿ.ಮೀ. ಅದರಲ್ಲಿ ಮೂರನೇ ಒಂದು ಭಾಗ ಖಾಲಿಯಾಗುವಷ್ಟರಲ್ಲಿ ಮತ್ತೆ ನೀರು ಕೊಡದಿದ್ದರೆ ಗೆಡ್ಡೆ ವಿಕಾರವಾಗುತ್ತದೆ. ಅಂದರೆ ಕೈಯಲ್ಲಿರುವುದು 12 ಮಿ.ಮೀ. ನಡುಬೇಸಿಗೆಯಲ್ಲಿ ಬೆಳೆ ದಿನಕ್ಕೆ 8 ಮಿ.ಮೀ. ಕುಡಿಯುತ್ತದೆ. ಒಂದೂವರೆ ದಿನಕ್ಕೆ ಹದ ತಪ್ಪಿತು. ಪಂಪು ಕೆಟ್ಟೀತೆಂಬ ಭಯಕ್ಕೆ ರೈತ ತುಸು ಹೆಚ್ಚೇ ಹಾಯಿಸುತ್ತಾನೆ. ಆಗಲೇ ಹಿಡಿಯುವಷ್ಟು ಹಿಡಿದಿರುವ ಮರಳಿಗೆ 25 ಮಿ.ಮೀ. ಹೆಚ್ಚು ಬಿದ್ದರೆ ಅದರಲ್ಲಿ ಕರಗಿರುವುದೆಲ್ಲ ಸುಮಾರು 25 ಸೆಂ.ಮೀ. ಕೆಳಗೆ ಸರಿಯುತ್ತದೆ. ಇಂಥ ಎರಡು ತಪ್ಪು ಸಾಕು, ಬೇರಿನ ಕೈಗೆ ಸಿಗದ ಹಾಗಾಗುತ್ತದೆ.

ಸಾರಜನಕವೂ ಅಷ್ಟೇ. ದೀರ್ಘಾವಧಿ ಆಲೂಗಡ್ಡೆಗೆ ಹೆಕ್ಟೇರಿಗೆ 300 ಕಿಲೋಗೂ ಮೀರಿ ಬೇಕು. ಯೂರಿಯಾದಿಂದ ಬರುವ ಅಮೋನಿಯಂ ಧನ ವಿದ್ಯುದಂಶದ್ದು, ಜೇಡಿಗೆ ಅಂಟುತ್ತದೆ. ಇಲ್ಲಿ ಜೇಡಿಯೇ ಕಡಿಮೆ. ಬೆಚ್ಚನೆಯ ಮಣ್ಣಿನಲ್ಲಿ ಕೆಲವೇ ವಾರಗಳಲ್ಲಿ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಋಣ ವಿದ್ಯುದಂಶದ್ದು, ಯಾವುದಕ್ಕೂ ಅಂಟದೆ ನೀರಿನ ಜೊತೆ ಹೋಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಬೇಸಿಗೆಗಿಂತ ಅಪಾಯದ ಕಾಲ ಕಟಾವಿನ ನಂತರದ್ದು. ಬೆಳೆ ಇಲ್ಲ, ಆವಿಯಾಗುವುದು ಕಡಿಮೆ, ಉಳಿದ ನೈಟ್ರೇಟ್ ಮೇಲೆ ಚಳಿಗಾಲದ ಮಳೆ. ಆಹಾರ ಕಾರ್ಖಾನೆಗಳ ಸಾರಜನಕಭರಿತ ತ್ಯಾಜ್ಯನೀರನ್ನೂ ಅದೇ ತಿಂಗಳುಗಳಲ್ಲಿ ಹೊಲಕ್ಕೆ ಬಿಟ್ಟರೆ ಹೀರಲು ಬೇರೇ ಇಲ್ಲ. ಹೈನು ಕೊಟ್ಟಿಗೆಗಳ ಗೊಬ್ಬರ, ಮನೆಗಳ ಸೆಪ್ಟಿಕ್ ಗುಂಡಿ ಕೂಡ ಸೇರುತ್ತವೆ, ಆದರೆ ಬಹುಪಾಲು ನೀರಾವರಿ ಹೊಲಗಳದೇ.

ಹೊಲದಲ್ಲಿ ಮಾಡಬಹುದಾದದ್ದು ಗೊತ್ತಿದೆ. ಬಿತ್ತುವಾಗ ಸಾರಜನಕದ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ ಕೊಟ್ಟು, ಉಳಿದದ್ದನ್ನು ಎಲೆತೊಟ್ಟಿನಲ್ಲಿ ನೈಟ್ರೇಟ್ ಎಷ್ಟಿದೆ ಎಂಬ ಪರೀಕ್ಷೆ ನೋಡಿಕೊಂಡು ಪಿವಟ್ ನೀರಿನಲ್ಲೇ ಕಂತುಕಂತಾಗಿ ಕೊಡುವುದು. ಬೇರು ವಲಯದ ಕೆಳಗೊಂದು ತೇವಮಾಪಕ ಇಡುವುದು. ಅಲ್ಲಿ ಏರಿಳಿತ ಕಂಡರೆ ನೀರು ದಾಟಿತೆಂದೇ ಅರ್ಥ. ಕಟಾವಾದ ಕೂಡಲೇ ರೈ ಎಂಬ ಧಾನ್ಯವನ್ನೋ ಗೋಧಿಯನ್ನೋ ಚೆಲ್ಲುವುದು. ಅದು ಗಾಳಿಗೆ ಮರಳು ಹಾರದಂತೆಯೂ ತಡೆಯುತ್ತದೆ. ಹಾರುವ ಮರಳು ಎಳೆಸಸಿಗಳನ್ನು ಕತ್ತರಿಸಿಹಾಕುತ್ತದೆ.

ಬಾವಿ ನೀರಿನ ವರದಿ ಓದುವಾಗ ಒಂದು ಎಚ್ಚರ. ಅಮೆರಿಕದ ಮಿತಿ ಲೀಟರಿಗೆ 10 ಮಿ.ಗ್ರಾಂ., ಭಾರತದ್ದು 45. ನಮ್ಮದು ಸಡಿಲವೆಂದಲ್ಲ: ಅವರು ನೈಟ್ರೇಟ್‌ನಲ್ಲಿರುವ ಸಾರಜನಕವನ್ನಷ್ಟೇ ತೂಗುತ್ತಾರೆ, ನಾವು ಇಡೀ ನೈಟ್ರೇಟನ್ನು. ಎರಡೂ ಹೆಚ್ಚುಕಡಿಮೆ ಒಂದೇ. ಮಿತಿ ಮೀರಿದ ನೀರನ್ನು ಕುದಿಸಬಾರದು. ನೀರು ಆವಿಯಾಗಿ ನೈಟ್ರೇಟ್ ಇನ್ನೂ ದಟ್ಟವಾಗುತ್ತದೆ. ಇದ್ದಿಲಿನ ಫಿಲ್ಟರ್ ಅದನ್ನು ಹಿಡಿಯುವುದಿಲ್ಲ, ಆರ್‌ಓ ಹಿಡಿಯುತ್ತದೆ. ಇಂಥ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಹಸುಗೂಸಿನ ರಕ್ತ ಆಮ್ಲಜನಕ ಒಯ್ಯಲಾರದೆ ಮೈ ನೀಲಿಗಟ್ಟುವುದು ಈ ನೀರಿನ ಮೊದಲ ಅಪಾಯ.

ಇಂದು ಎಲ್ಲ ಹೊಲಗಳೂ ಸರಿಹೋದರೂ ಬೇರು ವಲಯಕ್ಕೂ ಅಂತರ್ಜಲಕ್ಕೂ ನಡುವಿನ ಮರಳಿನಲ್ಲಿ ಹಿಂದಿನ ವರ್ಷಗಳ ನೈಟ್ರೇಟ್ ಇಳಿಯುತ್ತಲೇ ಇದೆ.